ಗಾಜಿನ ಗೂಡಿನ ಕಂಡಕ್ಟರ್

ಇಪ್ಪತ್ತೇಳು ವರ್ಷ ಹುಬ್ಬಳ್ಳಿಯ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು ನಾನು. ನಿವೃತ್ತಿಯಾದ ಮೇಲೆ, ಆಮ್‌ಸ್ಟರ್‌ಡ್ಯಾಮಿನಲ್ಲಿ ಸಂಶೋಧನೆ ಮಾಡುವ ಮಗಳ ಹತ್ತಿರ ಮೂರು ವಾರ ಇರಲು ಹೋದೆ. ಹೋದ ಮರುದಿನವೇ ಅವಳು ಕೇಳಿದಳು: "ಏನ್ ನೋಡ್ತಿ ಅವ್ವಾ? ಮ್ಯೂಸಿಯಂ? ಹೂವಿನ ತೋಟ?"

"ಟ್ರಾಮ್," ಅಂದೆ.

"ಟ್ರಾಮ್‌ನ್ಯಾಗ ಎಲ್ಲಿಗೆ?"

"ಎಲ್ಲಿಗೂ ಇಲ್ಲ. ಸುಮ್ನ ಟ್ರಾಮ್‌ನ್ಯಾಗ."

ಮೊದಲ ದಿನ ಅವಳೂ ಜೊತೆಗೆ ಬಂದಳು. ಕೈಗೊಂದು ಕಾರ್ಡ್ ಕೊಟ್ಟು, "ಹತ್ತೂವಾಗ ಈ ಮಷೀನಿಗೆ ಹಚ್ಚು, ಇಳಿಯೂವಾಗ ಮತ್ತೊಮ್ಮೆ ಹಚ್ಚು. ಎರಡನೇದು ಮರೆತಿ ಅಂದ್ರ, ಅದು ನೀ ಇನ್ನೂ ಒಳಗ ಅದೀ ಅಂತ ತಿಳ್ಕೋತೈತಿ," ಎಂದಳು.

ಎಲ್ಲರೂ ಕಿಟಕಿಯಾಚೆ ಕಾಲುವೆ ನೋಡುತ್ತಿದ್ದರೆ ನಾನು ಒಳಗೇ ನೋಡುತ್ತಿದ್ದೆ. ಸ್ಟಾಪ್ ಬರುವ ಮುಂಚೆ ಯಾರು ಏಳುತ್ತಾರೆ, ಯಾರು ಎದ್ದೇಳದೆ ಗುಂಡಿ ಒತ್ತುತ್ತಾರೆ, ಚಿಕ್ಕಮಕ್ಕಳ ಗಾಡಿ ಎಲ್ಲಿ ನಿಲ್ಲಿಸುತ್ತಾರೆ, ಇವೇ. ಹಾಗೆ ನೋಡುವಾಗ ಟ್ರಾಮಿನ ನಡುವೆ ಒಂದು ಗಾಜಿನ ಗೂಡು ಕಂಡಿತು. ಅದರೊಳಗೆ ಸಮವಸ್ತ್ರ ತೊಟ್ಟ ಹೆಂಗಸೊಬ್ಬರು ಕೂತಿದ್ದರು.

"ಅವರ್ಯಾರ?"

"ಕಂಡಕ್ಟರ್."

"ಕೂತಾರಲ್ಲ!" ಅಂದೆ. ಮಗಳು ಬಿದ್ದು ಬಿದ್ದು ನಕ್ಕಳು. ನನಗೆ ಅದು ನಗುವ ಮಾತಾಗಿರಲಿಲ್ಲ. ಜನ ತನ್ನ ಬಳಿ ಬರಲಿ ಎಂದು ಕಾಯುವ ಕಂಡಕ್ಟರನ್ನು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ.

ಮರುದಿನ ಮಗಳು ಲ್ಯಾಬಿಗೆ ಹೋದ ಮೇಲೆ ಒಬ್ಬಳೇ ಹೊರಟೆ. ಬೇರೆ ಟ್ರಾಮು, ಬೇರೆ ಕಂಡಕ್ಟರ್. ನನಗಿಂತ ಎಂಟು ಹತ್ತು ವರ್ಷ ಚಿಕ್ಕವರಿರಬಹುದು, ಗೋಧಿ ಬಣ್ಣ, ಬಿಗಿಯಾಗಿ ಹೆಣೆದ ಜಡೆ. ಗೂಡಿನ ಎದುರಿನ ಸೀಟು ಹಿಡಿದು ಕೂತೆ. ಯಾರೋ ದಾರಿ ಕೇಳಿದರು, ಆಕೆ ಗಾಜಿನ ಹಿಂದಿನಿಂದಲೇ ಬೆರಳು ತೋರಿಸಿ ಹೇಳಿದರು. ಡ್ರೈವರ್ ಜೊತೆ ಮೈಕಿನಲ್ಲಿ ಏನೋ ಮಾತಾಡಿದರು. ಸೀಟಿ ಇಲ್ಲ, ಹಗ್ಗದ ಗಂಟೆ ಇಲ್ಲ.

ನಾಲ್ಕೋ ಐದೋ ಸ್ಟಾಪ್ ಕಳೆದಿರಬೇಕು. ಟ್ರಾಮ್ ನಿಂತ ಮೇಲೆ ಮುದುಕಿಯೊಬ್ಬರು ಎದ್ದರು. ಕೈಯಲ್ಲಿ ನಾಲ್ಕು ಚಕ್ರದ, ತಳ್ಳಿಕೊಂಡು ನಡೆಯುವ ಗಾಡಿ. ಬಾಗಿಲ ಅಂಚಿಗೆ ಚಕ್ರ ಸಿಕ್ಕಿಕೊಂಡಿತು. ಅಷ್ಟರಲ್ಲಿ ಟೀಂ ಟೀಂ ಸದ್ದಾಗಿ ಬಾಗಿಲು ಅಲುಗಿತು.

"ಹೋಲ್ಡಾನ್!"

ನಾನು ಕೂಗಲಿಲ್ಲ, ಅದೇ ಹೊರಗೆ ಬಂತು. ತುಂಬಿದ ಬಸ್ಸಿನ ಹಿಂದಿನ ಬಾಗಿಲಿನಿಂದ ಡ್ರೈವರಿನ ಕಿವಿಗೆ ಮುಟ್ಟಬೇಕಾದ ದನಿ ಅದು. ಆ ಸದ್ದಿಲ್ಲದ ಟ್ರಾಮಿನಲ್ಲಿ ಹೇಗೆ ಕೇಳಿಸಿರಬೇಕು! ಎಲ್ಲರ ತಲೆಯೂ ನನ್ನ ಕಡೆ ತಿರುಗಿತು. ಒಬ್ಬನಂತೂ ಕಿವಿಗಿಟ್ಟ ಫೋನನ್ನೇ ಕೆಳಗಿಳಿಸಿದ. ಬಾಗಿಲು ತಾನಾಗಿ ತೆರೆದುಕೊಂಡಿತು. ಮುದುಕಿ ನಿಧಾನವಾಗಿ ಇಳಿದು, ಹೊರಗಿನಿಂದ ನನಗೆ ಕೈ ಬೀಸಿ ಹೋದರು.

ನಾಚಿಕೆಯಿಂದ ಎಲ್ಲಿ ಅಡಗಲಿ ಅನ್ನಿಸಿತು. ಕಂಡಕ್ಟರ್ ಗಾಜಿನಾಚೆಯಿಂದ ಇಂಗ್ಲಿಷಿನಲ್ಲಿ, "ಬಾಗಿಲಿಗೆ ಗೊತ್ತಾಗುತ್ತೆ. ಯಾರಾದರೂ ನಿಂತಿದ್ದರೆ ಮುಚ್ಚೋದಿಲ್ಲ," ಎಂದರು. ಆಮೇಲೆ ನನ್ನ ಬಳೆ, ಸೀರೆ ನೋಡಿ ಇನ್ನೇನೋ ಕೇಳಿದರು. ಹಿಂದಿಯ ಹಾಗಿತ್ತು, ಹಿಂದಿ ಅಲ್ಲ. ನನ್ನದು ಹುಬ್ಬಳ್ಳಿ ಮಾರ್ಕೆಟ್ಟಿನ ಹಿಂದಿ. ಎರಡೂ ಸೇರಿ ಹೇಗೋ ನಡೆಯಿತು.

ಅಷ್ಟರಲ್ಲಿ ಟ್ರಾಮ್ ಮತ್ತೆ ನಿಂತಿತು. ಮುಂದೆ ನೋಡಿದರೆ ರಸ್ತೆಯೇ ಪೆಟ್ಟಿಗೆಯ ಮುಚ್ಚಳದಂತೆ ಮೇಲಕ್ಕೆದ್ದಿತ್ತು! ಸೇತುವೆ ಎತ್ತಿದ್ದರು. ಕೆಳಗೆ ಮರಳು ತುಂಬಿದ ದೋಣಿಯೊಂದು ಆರಾಮಾಗಿ ಹೋಗುತ್ತಿತ್ತು. ಯಾರಾದರೂ ಹಾರ್ನ್ ಹೊಡೆಯುತ್ತಾರೆ, ಡ್ರೈವರಿಗೆ ಬೈಯುತ್ತಾರೆ ಎಂದು ಕಾದೆ. ಊಹೂಂ.

"ದಿನಾ ಹಿಂಗಾಗ್ತದೇನು?"

"ನೀರಿನಲ್ಲಿ ಹೋಗುವವರಿಗೂ ದಾರಿ ಬೇಕಲ್ಲ," ಎಂದರು.

ನಾನೂ ಕಂಡಕ್ಟರ್ ಆಗಿದ್ದೆ ಎಂದಾಗ ಆಕೆಯ ಮುಖ ಅರಳಿತು. ಆಕೆಯ ಹಿರಿಯರನ್ನು ಯಾವುದೋ ಕಾಲದಲ್ಲಿ ಕಲ್ಕತ್ತಾದಿಂದ ಹಡಗು ಹತ್ತಿಸಿ, ಸುರಿನಾಮ್ ಎಂಬ ದೂರದ ದೇಶಕ್ಕೆ ಕಬ್ಬಿನ ಕೆಲಸಕ್ಕೆ ಒಯ್ದಿದ್ದರಂತೆ. ಆಕೆ ಹುಟ್ಟಿದ್ದು ಅಲ್ಲಿ, ಬೆಳೆದದ್ದು ಇಲ್ಲಿ. ಭಾರತ ನೋಡಿಲ್ಲ.

"ನಿಮ್ಮ ಬಸ್ಸಿನಲ್ಲಿ ಎಷ್ಟು ಜನ?"

"ಸೀಟಿನ ಎರಡರಷ್ಟು. ಹಬ್ಬದ ದಿನ ಕೇಳಬ್ಯಾಡ್ರಿ."

"ಅಷ್ಟು ಜನರ ನಡುವೆ ಹೇಗೆ ಓಡಾಡ್ತಿದ್ರಿ?"

ಎದ್ದು ತೋರಿಸಿದೆ. ಕಾಲು ಅಗಲಿಸಿ, ಸೊಂಟ ಕಂಬಕ್ಕೆ ಒರಗಿಸಿ, ಕೈ ಎರಡೂ ಖಾಲಿ. ಸೇತುವೆ ಇಳಿದು ಟ್ರಾಮ್ ಜಗ್ಗಿ ಹೊರಟಿತು. ನಿಂತವರೆಲ್ಲ ವಾಲಿದರು, ನಾನು ವಾಲಲಿಲ್ಲ. ಆಕೆ ಗಾಜಿನ ಹಿಂದೆ ಚಪ್ಪಾಳೆ ತಟ್ಟಿದರು.

"ನನಗೆ ಕೂತು ಕೂತು ಬೆನ್ನು ಹೋಗಿದೆ," ಎಂದರು.

"ನನಗ ನಿಂತು ನಿಂತು ಮೊಣಕಾಲು," ಎಂದೆ.

ಕೊನೆಯ ಸ್ಟಾಪಿನವರೆಗೂ ಹೋದೆ. ಗೂಡಿನೊಳಗೆ ಏನಿದೆ ನೋಡುವ ಆಸೆಯಾಗಿ ಕೇಳಿದೆ. "ಒಳಗೆ ಬಿಡುವ ಹಾಗಿಲ್ಲ," ಎಂದರು. ನನಗೆ ಬೇಸರವಾಗಲಿಲ್ಲ. ಡ್ಯೂಟಿಯ ಮೇಲೆ ನಾನೂ ಯಾರನ್ನೂ ಬಿಡುತ್ತಿರಲಿಲ್ಲ. ಹೊರಗೇ ನಿಂತು ಯಾವ ಗುಂಡಿ ಯಾತಕ್ಕೆ ಎಂದು ಒಂದೊಂದಾಗಿ ಕೇಳಿ ತಿಳಿದೆ.

ಮುಂದಿನ ವಾರ ಅದೇ ಹೊತ್ತಿಗೆ ಬರಲು ಹೇಳಿದ್ದರು. ಹೋದೆ. ಕೊನೆಯ ಸ್ಟಾಪಿನ ಬೆಂಚಿನ ಮೇಲೆ ಡಬ್ಬಿ ತೆರೆದರು. ಆಲೂಗಡ್ಡೆ, ಅಲಸಂದೆಕಾಯಿ ಪಲ್ಯ, ಮಡಚಿಟ್ಟ ದೊಡ್ಡ ರೊಟ್ಟಿ. ಮುರಿದು ನೋಡಿದರೆ ಒಳಗೆ ಬೇಳೆಯ ಹೂರಣ, ಬೆಲ್ಲ ಹಾಕದ ಹೋಳಿಗೆ! ನಮ್ಮಲ್ಲಿ ಇದಕ್ಕೆ ಸಿಹಿ ಹಾಕುತ್ತೇವೆ ಎಂದರೆ ಆಕೆ ನಂಬಲಿಲ್ಲ.

"ಬೇಳೆಗೆ ಸಿಹಿಯಾ?" ಎಂದು ಮತ್ತೆ ಮತ್ತೆ ಕೇಳಿದರು. ಹೂರಣ ರುಬ್ಬುವುದನ್ನು ಕೈಯಲ್ಲೇ ಮಾಡಿ ತೋರಿಸಿದೆ.

ಅಷ್ಟರಲ್ಲಿ ಆಕೆಯ ಬಿಡುವು ಮುಗಿದಿತ್ತು. ಕೈ ಒರೆಸಿಕೊಂಡು ಟ್ರಾಮ್ ಹತ್ತಿದರು. ನನ್ನ ಕೈಯಲ್ಲಿ ಇನ್ನೂ ಅರ್ಧ ರೊಟ್ಟಿ ಉಳಿದಿತ್ತು. ಮುಂದಿನದಕ್ಕೆ ಹೋದರಾಯಿತು ಎಂದು ತಿನ್ನುತ್ತಾ ಅಲ್ಲೇ ಉಳಿದೆ.