ಅಶ್ವತ್ಥಮ್ಮ ಸಾರಿದ ಸಮರ

ಸಮರ ಎಂದರೆ ಯುದ್ಧ. ಕುದುರೆ, ಕತ್ತಿ, ಹೆಣ ಎಲ್ಲ ಇರುವ ಯುದ್ಧ. ಈಗ ನೋಡಿ: ಸೊಳ್ಳೆಯ ವಿರುದ್ಧ ಸಮರ, ಬೊಜ್ಜಿನ ವಿರುದ್ಧ ಸಮರ, ಫ್ಲೆಕ್ಸ್ ವಿರುದ್ಧ ಸಮರ. ಆ ಕೊನೆಯದನ್ನೂ ಫ್ಲೆಕ್ಸ್ ಹಾಕಿಸಿಯೇ ಸಾರುತ್ತಾರೆ. ಯಾರಾದರೂ ಒಂದು ಕೆಲಸಕ್ಕೆ ಹಟ ಹಿಡಿದು ಓಡಾಡಿದರೆ ಸಾಕು, ಪತ್ರಿಕೆಯವರಿಗೆ ಅದು ಸಮರ. ಈ ಮಾತನ್ನು ನಮ್ಮ ಹೆಬ್ಬಗೋಡಿಯ ಅಶ್ವತ್ಥಮ್ಮನವರ ತಲೆಗೂ ಕಟ್ಟಿದಾಗ ನನಗೆ ನಗು ಬಂತು, ಸಿಟ್ಟೂ ಬಂತು.

ಅಶ್ವತ್ಥಮ್ಮ ನಮ್ಮ ಮನೆ ಓನರ್. ಗಂಡ ತೀರಿಕೊಂಡ ಮೇಲೆ, ರಾಗಿ ಹೊಲವಿದ್ದ ಜಾಗದಲ್ಲಿ ಕಟ್ಟಿಸಿದ ವಠಾರವನ್ನು ಒಬ್ಬರೇ ನೋಡಿಕೊಳ್ಳುತ್ತಾರೆ. ಬಾಯಿ ಜೋರು. ನೀರು ಪೋಲು ಮಾಡಿದವರನ್ನು ಬೀದಿಗೆಲ್ಲ ಕೇಳುವಂತೆ ಬೈದು, ಸಂಜೆ ಅದೇ ಮನೆಗೆ ಬಸ್ಸಾರು ಕಳಿಸುತ್ತಾರೆ. ವಠಾರದಲ್ಲಿ ಹೆಚ್ಚಿನವರು ಉತ್ತರ ಕರ್ನಾಟಕದಿಂದ ಬಂದು ಕಾರ್ಖಾನೆಗಳಲ್ಲಿ ದುಡಿಯುವವರು. ಅವರ ಮಕ್ಕಳು ಹೋಗುವುದು ನಮ್ಮ ಗಲ್ಲಿಯ ಅಂಗನವಾಡಿಗೆ. ಅದನ್ನು ಮುಚ್ಚಿ ಹೊಸೂರು ರಸ್ತೆಯ ಆಚೆಗಿನ ಕೇಂದ್ರಕ್ಕೆ ಸೇರಿಸುವ ಮಾತು ಬಂತು. ಆ ರಸ್ತೆ ದಾಟಲು ದೊಡ್ಡವರಿಗೇ ಎದೆ ನಡುಗುತ್ತದೆ. ಅಶ್ವತ್ಥಮ್ಮ ಕಚೇರಿಯಿಂದ ಕಚೇರಿಗೆ ಅಲೆದರು. ವಾರಪತ್ರಿಕೆ ನಡೆಸುವ ಭಾನುಪ್ರಕಾಶ್ ‘ಅಂಗನವಾಡಿಗಾಗಿ ಅಜ್ಜಿಯ ಸಮರ’ ಎಂದು ಅಚ್ಚು ಹಾಕಿದ.

ನಾನು ಓದಿ ಹೇಳಿದೆ. ಅವರು ಮುಖ ಗಂಟಿಕ್ಕಿದರು.

“ಯುದ್ಧ ಅಂದ್ರೆ ಎದುರ್ಗೆ ವೈರಿ ಇರ್ಬೇಕಲ್ಲಪ್ಪಾ. ಆ ಆಫೀಸಿನ ಮೇಡಮ್ಮು ನಂಗೆ ವೈರಿನಾ? ಅವ್ರನ್ನ ಸೋಲ್ಸಿ ನಂಗೇನಾಗ್ಬೇಕು? ಒಂದ್ಸಲ ಬಂದು ನೋಡ್ಲಿ ಅಂತ ಕರೀತಿದೀನಿ, ಅಷ್ಟೇಯ.”

ಕೊನೆಗೆ ಆ ಆಫೀಸಿನ ಮೇಡಂ, ಅಂಗನವಾಡಿ ಮೇಲ್ವಿಚಾರಕಿ ಶ್ಯಾಮಲಾ ಬರಲು ಒಪ್ಪಿದರು. ಸೋಮವಾರ ತಾಯಂದಿರ ಸಭೆ. ತಾಯಂದಿರೇ ಬಾರದಿದ್ದರೆ ಕೇಂದ್ರ ಯಾರಿಗೂ ಬೇಡವೆಂದು ವರದಿ ಹೋಗುತ್ತದೆ. ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ‘ಸಮರಕ್ಕೆ ಜಯವಾಗಲಿ’ ಎಂದು ಹೆಬ್ಬೆರಳು ಎತ್ತಿದರು. ಬರುತ್ತೇನೆ ಎಂದು ಒಬ್ಬರೂ ಹೇಳಲಿಲ್ಲ. ಸೋಮವಾರ ರಜೆ ಕೇಳಿದರೆ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಸುಮ್ಮನೆ ಬಿಡುತ್ತಾನೆಯೇ?

ಭಾನುವಾರ ಬೆಳಿಗ್ಗೆ ಅಶ್ವತ್ಥಮ್ಮ ಕುಂಕುಮದ ಭರಣಿ ಹಿಡಿದು ಹೊರಟರು. ಮದುವೆಗಾಗಲಿ ಗೃಹಪ್ರವೇಶಕ್ಕಾಗಲಿ, ಮನೆಗೆ ಬಂದು ಕುಂಕುಮವಿಟ್ಟು ಕರೆದರೆ ಹೋಗದೆ ಇರುವಂತಿಲ್ಲ. ಆದರೆ ಗಂಡ ಸತ್ತವರು ಕುಂಕುಮವಿಟ್ಟು ಕರೆಯುವುದು ಈ ಊರಲ್ಲಿ ಇಲ್ಲ. ಹಾಗಾಗಿ ಪ್ರತಿ ಬಾಗಿಲಲ್ಲೂ ಭರಣಿ ಚಾಚಿ, “ನೀನೇ ಇಟ್ಕಳವ್ವ, ನಾಳೆ ಅಂಗನವಾಡಿತಾವ ಬಂದ್ಬಿಡು” ಎಂದು ಮುಖ ಪಕ್ಕಕ್ಕೆ ತಿರುಗಿಸುತ್ತಿದ್ದರು. ಇಡೀ ಗಲ್ಲಿಯನ್ನು ಗದರಿಸುವ ಹೆಂಗಸು ಹಾಗೆ ನಿಲ್ಲುವುದನ್ನು ಜೊತೆಗಿದ್ದ ನನಗೆ ನೋಡಲಾಗಲಿಲ್ಲ.

ಸೋಮವಾರ ಬಂದವರನ್ನು ನೀವು ನೋಡಬೇಕಿತ್ತು! ಭರಣಿ ಹಿಡಿದು ಕರೆದಿದ್ದಾರೆಂದ ಮೇಲೆ ಸಭೆಯ ಜೊತೆಗೆ ಏನೋ ಕಾರ್ಯವೂ ಇರಬೇಕೆಂದು ಎಲ್ಲರೂ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ಮುಯ್ಯಿ ಮಾಡಲು ಸ್ಟೀಲ್ ತಟ್ಟೆ, ಲೋಟ ಹಿಡಿದು ಬಂದಿದ್ದರು. ಘೋಷಣೆ, ಗಲಾಟೆಗೆ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದ ಶ್ಯಾಮಲಾ ಮೇಡಂ ಬಾಗಿಲಲ್ಲೇ ನಿಂತರು.

“ಯಾರದ್ರೀ ಮದುವೆ ಇಲ್ಲಿ?”

ವಠಾರದ ಶೇಖವ್ವ ತನ್ನ ತಟ್ಟೆಯನ್ನು ಅವರ ಮುಂದಿಟ್ಟಳು. “ಅಂಗನವಾಡಿಗೇ ಮುಯ್ಯಿ ಅಂತ ತಿಳೀರಿ ಮೇಡಂ, ಮಕ್ಕಳು ಉಣ್ಣಾಕ ಬರ್ತಾವ. ರಸ್ತೆ ಆಚಿ ಕಳಿಸಬ್ಯಾಡ್ರಿ. ನಾವು ಫ್ಯಾಕ್ಟರ್‍ಯಾಗ ಇರ್ತೀವಿ, ಕೈ ಹಿಡಿದು ದಾಟಿಸೋರು ಯಾರ್ರೀ?”

ಮೇಡಂ ಮಕ್ಕಳನ್ನು ನೋಡಿದರು, ತಟ್ಟೆಗಳನ್ನು ನೋಡಿದರು. ಕೇಂದ್ರ ಇಲ್ಲೇ ಉಳಿಯಬೇಕೆಂದು ಅಲ್ಲೇ ಕೂತು ಬರೆದು, ಎಲ್ಲರಿಗೂ ಓದಿ ಹೇಳಿ, ಸಹಿ ಹಾಕಿದರು. “ಮೇಲಿನವರು ನನ್ನ ಮಾತು ತೆಗೆದುಹಾಕಲ್ಲ” ಎಂದರು.

ಬಂದ ಹೆಂಗಸರಿಗೆ ಹೊರಡುವಾಗ ಕುಂಕುಮ ಕೊಡಬೇಕಲ್ಲ. ಅಶ್ವತ್ಥಮ್ಮ ಭರಣಿ ಚಾಚಿ, ಮತ್ತೆ ಮುಖ ತಿರುಗಿಸಿದರು. ಶೇಖವ್ವ ಕೈ ಮುಂದೆ ಮಾಡಲಿಲ್ಲ. ಹಣೆ ಒಡ್ಡಿ ನಿಂತಳು.

“ನೀವ ಹಚ್ಚರಿ, ಅವ್ವಾರ.”

ಅಶ್ವತ್ಥಮ್ಮ ಮುಖ ಇತ್ತ ತಿರುಗಿಸಿ, ಭರಣಿಗೆ ಬೆರಳು ಅದ್ದಿದರು. ಹಚ್ಚಿದರು. ಶೇಖವ್ವನ ಹಿಂದೆ ವಠಾರದವರು ನಿಂತರು, ಅವರ ಹಿಂದೆ ಊರಿನ ಹೆಂಗಸರು, ಎಲ್ಲರ ಹಿಂದೆ ಶ್ಯಾಮಲಾ ಮೇಡಂ.