ದೊಡ್ಡದು ಮಾಡಿದ ದೀಪ

ಮಲ್ಲಕ್ಕ ಯಾರ ಮನೆಗೆ ಹೋದರೂ ಮುಚ್ಚಿದ ಬಾಗಿಲನ್ನು ಸುಮ್ಮನೆ ತೆರೆಯುತ್ತಿರಲಿಲ್ಲ. ಮೊದಲು ಬಲಗೈಯ ಹಿಂಬದಿಯನ್ನು ಹಲಗೆಗೆ ತಾಗಿಸಿ ನೋಡುತ್ತಿದ್ದಳು. ಆಮೇಲೆ ಕೆಳಗೆ ಕೂತು, ಮೊಣಕಾಲೆತ್ತರದಲ್ಲಿ ಬಾಗಿಲಿಗೆ ಕಿವಿ ಹಚ್ಚಿ ಏನನ್ನೋ ಕೇಳುತ್ತಿದ್ದಳು. ಒಳಗೆ ನರಪಿಳ್ಳೆ ಇಲ್ಲದ ಕೋಣೆಯಾದರೂ ಅಷ್ಟೇ. ಮೊರಬದ ನಮ್ಮ ಓಣಿಯ ಹುಡುಗಿಯರೆಲ್ಲ ಅವಳನ್ನು ಅಣಕಿಸಿ ನಗುತ್ತಿದ್ದೆವು. ಎಲ್ಲರಿಗಿಂತ ಹೆಚ್ಚು ನಕ್ಕವಳು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಊರವರಿಗೆ ಅವಳ ಮೇಲೆ ಬೇರೆಯೇ ಸಿಟ್ಟಿತ್ತು. ನಮ್ಮ ಕಡೆ ‘ದೀಪ ಆರಿಸು’ ಎಂದು ಯಾರೂ ಅನ್ನುವುದಿಲ್ಲ, ಅದು ಅಪಶಕುನ. ‘ದೀಪ ದೊಡ್ಡದು ಮಾಡು’ ಎನ್ನುತ್ತೇವೆ. ಬಳೆ ಒಡೆದರೆ ‘ಬಳೆ ಹೆಚ್ಚಿತು’ ಎನ್ನುವ ಹಾಗೆಯೇ ಇದೂ. ಮಲ್ಲಕ್ಕ ಮಾತ್ರ ಯಾವ ಮನೆಯಲ್ಲಾದರೂ ಮುಲಾಜಿಲ್ಲದೆ ‘ದೀಪ ಆರಸ್ರಿ’ ಅನ್ನುವಳು. ಮದುವೆ ಮನೆಯವರು ಅವಳನ್ನು ಅಂಗಳದಲ್ಲೇ ಉಣಿಸಿ ಕಳಿಸಿಬಿಡುತ್ತಿದ್ದರು.

ಹತ್ತಿ ಬಿಡಿಸುವ ಕಾಲಕ್ಕೆ ಅವಳು ನಮ್ಮ ಹೊಲಕ್ಕೆ ಕೂಲಿಗೆ ಬರುತ್ತಿದ್ದಳು. ಬಿಡಿಸಿದ ಹತ್ತಿಯನ್ನು ಪಡಸಾಲೆಯ ಪಕ್ಕದ ಉದ್ದನೆಯ ಕತ್ತಲೆ ಕೋಣೆಯಲ್ಲಿ ಒಟ್ಟುತ್ತಿದ್ದೆವು. ಆ ಕೋಣೆಗೆ ಪಡಸಾಲೆಯ ಕಡೆ ಒಂದು ಬಾಗಿಲು, ಹಿತ್ತಲ ಕಡೆ ಒಂದು. ಹಿತ್ತಲ ಬಾಗಿಲಿಗೆ ನಮ್ಮವ್ವ ಸಾವಿತ್ರೆವ್ವ ಕಳ್ಳರ ಭಯಕ್ಕೆ ಹೊರಗಿನಿಂದ ಕೀಲಿ ಜಡಿದು, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದಳು.

“ಅವ್ವಾರ, ಆ ಕೀಲಿ ತಗೀರಿ” ಎಂದಳು ಮಲ್ಲಕ್ಕ, ಒಂದು ದಿನ. “ಬೆಂಕಿ ಬಿದ್ರ ಒಳಗ ಸಿಕ್ಕವರು ಎಲ್ಲಿಂದ ಹೊರಗ ಬರಬೇಕು?”

“ಬೆಂಕಿಗಿಂತ ಮೊದಲ ಕಳ್ಳ ಬರತಾನ ಮಲ್ಲಕ್ಕ.”

“ಹೋಗ್ಲಿ, ಇದೊಂದಾದ್ರೂ ಕೇಳ್ರಿ. ಕಂದೀಲು ಆರಸೂದಿದ್ರ ಆರಸು ಅಂತನ ಅನ್ರಿ.”

“ಮುತ್ತೈದಿ ಬಾಯಾಗ ಆ ಮಾತು ಬರೂದಿಲ್ಲ. ನೀ ಹೇಳಿದಿ ಅಂತ ಉಸುಕಿನ ಬುಟ್ಟಿ ಇಟ್ಟೀನಿ. ಇದೊಂದು ಬಿಡು.”

ಆಗ ಮಲ್ಲಕ್ಕ ತನ್ನ ತಂಗಿ ಫಕೀರವ್ವನ ಕಥೆ ಹೇಳಿದಳು. ಅಕ್ಕತಂಗಿ ಇಬ್ಬರೂ ಅಣ್ಣಿಗೇರಿಯ ಒಂದು ಜಿನ್ನಿನಲ್ಲಿ, ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆಯಲ್ಲಿ, ಕೂಲಿ ಮಾಡುತ್ತಿದ್ದರು. ಒಂದು ಸಂಜೆ ಕರೆಂಟು ಹೋಗಿತ್ತು. ಗೋದಾಮಿನ ಒಳಗಿನಿಂದ ಫಕೀರವ್ವ “ಅಕ್ಕಾ, ಕಂದೀಲು ದೊಡ್ಡದ ಮಾಡು” ಎಂದಳು. ಕೆಲಸ ಮುಗಿದಿತ್ತು, ಅವಳು ಹೇಳಿದ್ದು ಆರಿಸೆಂದು. ತಂಗಿಗೆ ಕತ್ತಲೆಯಲ್ಲಿ ಕಾಣುತ್ತಿಲ್ಲವೇನೋ ಎಂದುಕೊಂಡ ಮಲ್ಲಕ್ಕ ಬತ್ತಿ ಏರಿಸಿ, ಬಾಗಿಲೆಳೆದುಕೊಂಡು ನೀರು ಕುಡಿಯಲು ಹೋದಳು. ಗಾಜು ಕಾದು ಒಡೆಯಿತು, ಗಾಳಿಯಲ್ಲಿ ತೇಲುತ್ತಿದ್ದ ಅರಳೆ ಹೊತ್ತಿಕೊಂಡಿತು. ತಿರುಗಿ ಬಂದಾಗ ಬಾಗಿಲ ಬುಡದಲ್ಲಿ, ಒಳಗಿನಿಂದ, ಮೂರು ಸಲ ಬಡಿದ ಸದ್ದು. ಮಲ್ಲಕ್ಕ ಒಮ್ಮೆಲೇ ಬಾಗಿಲು ತೆರೆದಳು. ಗಾಳಿ ನುಗ್ಗಿತು, ಉರಿ ಭುಗಿಲೆದ್ದು ಜಂತಿ ಮುಟ್ಟಿತು. ಬಡಿತ ನಿಂತಿತು.

“ಹೊಗಿ ಮ್ಯಾಲ ಇರತೈತಿ, ಉಸಿರು ನೆಲದಾಗ ಇರತೈತಿ” ಎಂದಳು. “ಆಕಿ ನೆಲಾ ಹಿಡದು ಜೀವಾ ಉಳಿಸಿಕೊಂಡಿದ್ಲು. ಬಾಗಲಾ ತಗದು ನಾನ ಬೆಂಕಿಗೆ ಉಸಿರು ಕೊಟ್ಟೆ. ಈಗೂ ಬಡೀತಾಳ್ರಿ, ಎಲ್ಲಾ ಬಾಗಲದಾಗೂ.”

ಅವ್ವ ಕಣ್ಣೊರೆಸಿಕೊಂಡಳು. ಕೀಲಿಕೈ ಮಾತ್ರ ಸೊಂಟದಲ್ಲೇ ಉಳಿಯಿತು. ನಾನು ಕೋಣೆಗೆ ಹೋಗಿ ಗೆಳತಿಯರಿಗಾಗಿ ಮಲ್ಲಕ್ಕನ ದನಿ ಅನುಕರಿಸುವುದನ್ನು ಕಲಿತೆ.

ಎಂಬತ್ನಾಲ್ಕರ ಶಿವರಾತ್ರಿಗೆ ವಾರವಿತ್ತು. ನಡು ಮಧ್ಯಾಹ್ನ, ಕರೆಂಟಿಲ್ಲ. ಹತ್ತಿ ನೋಡಲು ಹೋದ ಅವ್ವ ಕಂದೀಲನ್ನು ಪಡಸಾಲೆಯ ಕಡೆಯ ಬಾಗಿಲ ಒಳಗಿನ ಗೂಟಕ್ಕೆ ತೂಗುಹಾಕಿ, ಒಟ್ಟಿಲು ದಾಟಿ ಹಿತ್ತಲ ಕಡೆಯ ತುದಿಗೆ ಹೋಗಿದ್ದಳು.

“ಶಾರದಾ, ಕಂದೀಲು ದೊಡ್ಡದ ಮಾಡವಾ” ಎಂದು ಅಲ್ಲಿಂದಲೇ ನನ್ನನ್ನು ಕೂಗಿದಳು.

ಆ ತುದಿಯಲ್ಲಿ ಮಾಳಿಗೆಯ ಬೆಳಕಿಂಡಿ ಇದೆ, ಅಲ್ಲಿ ಕಂದೀಲು ಬೇಡ ಎನ್ನುವುದು ನನಗೆ ಹೊಳೆಯಲಿಲ್ಲ. ಕತ್ತಲೆಯಲ್ಲಿ ಅವ್ವನಿಗೆ ಕಾಣುತ್ತಿಲ್ಲ ಎಂದುಕೊಂಡೆ. ಅಷ್ಟೆಲ್ಲ ಕೇಳಿ, ಅಷ್ಟೆಲ್ಲ ನಕ್ಕವಳು ನಾನು, ಕೈಯಾರೆ ಬತ್ತಿ ಏರಿಸಿದೆ. ಅರಳೆ ಪಡಸಾಲೆಗೆ ಹಾರಿ ಬರುತ್ತಿತ್ತೆಂದು ಬಾಗಿಲನ್ನೂ ಮುಚ್ಚಿ, ರೊಟ್ಟಿ ಬಡಿಯಲು ಒಲೆಯ ಮುಂದೆ ಕೂತೆ.

ಹೊಲದಿಂದ ಬಂದ ಮಲ್ಲಕ್ಕ ಪಡಸಾಲೆಯಲ್ಲಿ ನಿಂತು ಮೂಗರಳಿಸಿದ್ದು ಅಡಿಗೆಮನೆಯಿಂದಲೇ ಕಂಡಿತು. ಕೈಯ ಹಿಂಬದಿಯನ್ನು ಬಾಗಿಲಿಗೆ ಇಟ್ಟವಳು ಸರಕ್ಕನೆ ಹಿಂದೆಗೆದುಕೊಂಡಳು.

“ಒಳಗ ಯಾರದಾರ?”

“ಅವ್ವ” ಎಂದೆ. ಓಡಿಬಂದು ಚಿಲಕಕ್ಕೆ ಕೈ ಹಾಕಿದ ನನ್ನನ್ನು ಅವಳು ದೂರ ನೂಕಿದಳು.

ಆಗ ಕೇಳಿಸಿತು. ಬಾಗಿಲ ಬುಡದಲ್ಲಿ, ಒಳಗಿನಿಂದ, ಮೂರು ಸಲ. ನಿಧಾನಕ್ಕೆ.

“ಅವ್ವ ಬಡಿಯಾಕತ್ತಾಳ, ಬಿಡು” ಎಂದು ನಾನು ಅವಳ ಕೈ ಕಚ್ಚಿದೆ. ಅವಳು ಬಿಡಲಿಲ್ಲ. ಮುಖ ಸುಣ್ಣದ ಗೋಡೆಯ ಹಾಗಾಗಿತ್ತು. ಮತ್ತೆ ಮೂರು ಸಲ ಬಡಿಯಿತು.

“ಅದು ನಿಮ್ಮವ್ವ ಅಲ್ಲ ತಂಗೀ. ಆ ಬಡಿತಾ ನನಗ ಗೊತ್ತೈತಿ” ಎಂದಳು. ಆಮೇಲೆ ಬಾಗಿಲ ಕಡೆ ಬಗ್ಗಿ, ಮಲಗಿದ ಕೂಸಿಗೆ ಹೇಳುವಷ್ಟು ಮೆಲ್ಲಗೆ, “ಇವತ್ತು ತಗಿಯಂಗಿಲ್ಲ, ಫಕೀರವ್ವಾ” ಎಂದು ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಓಡಿದಳು.

ಪಕ್ಕದ ಮನೆಯ ಬುಡನಸಾಬ ಕಾಕಾ ಕೂಗು ಕೇಳಿ ಕಬ್ಬಿಣದ ಹಾರಿ ಹಿಡಿದು ಬಂದರು. ಮಲ್ಲಕ್ಕ ನೆಲಕ್ಕೆ ಮಲಗಿ ಬಾಗಿಲ ಸಂದಿಯಲ್ಲಿ “ಅವ್ವಾರ, ಏಳಬ್ಯಾಡ್ರಿ. ಸೆರಗು ಮೂಗಿಗೆ ಹಿಡದು ನೆಲಾ ಕಚ್ಚಿ ಬರ್ರಿ” ಎಂದು ಕರೆಯುತ್ತಲೇ ಇದ್ದಳು. ಕಾಕಾ ಹಾರಿಯಿಂದ ಕೊಂಡಿ ಮೀಟಿದರು. ಹೊಸ್ತಿಲಲ್ಲೇ ಅವ್ವ ಬೋರಲು ಬಿದ್ದಿದ್ದಳು. ಹೊರಗೆಳೆದ ಕೂಡಲೇ ಮಲ್ಲಕ್ಕ ಬಾಗಿಲು ಎಳೆದು ಮುಚ್ಚಿದಳು. ಅವ್ವ ಕೆಮ್ಮಿದಳು. ಆ ಕೆಮ್ಮು ಕೇಳಿ ನಾನು ಅತ್ತೆ.

ಓಣಿಯವರು ಮಾಳಿಗೆ ಹತ್ತಿ ಬೆಳಕಿಂಡಿಯಿಂದ ನೀರು ಸುರಿದರು. ಮುಚ್ಚಿದ ಬಾಗಿಲುಗಳಿಂದಾಗಿ ಮನೆ ಉಳಿಯಿತು. ಆರಿದ ಹತ್ತಿಯನ್ನು ಅಂಗಳಕ್ಕೆ ಎಳೆಸಿ, “ಹತ್ತಿ ಬೆಂಕಿ ಸತ್ತಂಗ ಮಾಡತೈತಿ, ಸಾಯೂದಿಲ್ಲ” ಎನ್ನುತ್ತ ಮಲ್ಲಕ್ಕ ಅದನ್ನು ಹರವಿ ನೀರು ಹಾಕಿದಳು.

ಸಂಜೆ ಅವ್ವನಿಗೆ ಮಾತು ಬಂತು. ಅವಳ ಕಾಲು ಹಿಡಿದು ನಡೆದದ್ದನ್ನೆಲ್ಲ ಹೇಳಿದೆ, ಬತ್ತಿ ಏರಿಸಿದ್ದನ್ನೂ. “ನೀ ಬಡದರೂ ಬಾಗಲಾ ತಗೀಲಿಲ್ಲ ಯವ್ವಾ” ಎಂದೆ.

“ನಾ ಎಲ್ಲಿ ಬಡದ್ನಿ?” ಎಂದಳು ಅವ್ವ. “ಆ ಬಾಜು ಉರಿ ಇತ್ತು. ನಾ ಹಿತ್ತಲ ಬಾಗಲಾ ಬಿಟ್ಟು ಸರದಿಲ್ಲ.”

ಬುಡನಸಾಬ ಕಾಕಾ ತಲೆಯ ಟೊಪ್ಪಿಗೆ ಸರಿ ಮಾಡಿಕೊಂಡರು. ಮಲ್ಲಕ್ಕ ಕಚ್ಚಿಸಿಕೊಂಡ ಕೈಗೆ ಅರಿಸಿನ ಹಚ್ಚಿಕೊಳ್ಳುತ್ತ ಕೂತಿದ್ದಳು.

ಮಲಗುವ ಹೊತ್ತಾಯಿತು. ಪಡಸಾಲೆಯಲ್ಲಿ ಬುಡ್ಡಿ ದೀಪವೊಂದು ಉರಿಯುತ್ತಿತ್ತು. ಅವ್ವ ಸೊಂಟದ ಕೀಲಿಕೈ ಬಿಚ್ಚಿ ಮಲ್ಲಕ್ಕನ ಮುಂದೆ ಇಟ್ಟಳು. ಆಮೇಲೆ ಕೊರಳಿನ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಹೊಗೆ ತಿಂದ ಗಂಟಲಲ್ಲಿ ನನ್ನನ್ನು ಕರೆದಳು.

“ಶಾರದಾ, ದೀಪ ಆರಸು.”

ಮಲ್ಲಕ್ಕ ಸುಟ್ಟ ಬಾಗಿಲ ಕಡೆ ತಿರುಗಿ, “ಕೇಳಿದ್ಯಾ, ಫಕೀರವ್ವಾ?” ಎಂದು ಬಾಯಿಗೆ ಸೆರಗು ಹಿಡಿದು ಅತ್ತಳು. ನಾನು ಎದ್ದು ಹೋಗಿ ದೀಪ ಆರಿಸಿದೆ.