ಬೆಳಗಿನ ಜಡೆ

ದುಬೈಯ ಡಿಸ್ಕವರಿ ಗಾರ್ಡನ್ಸಿನ ನಮ್ಮ ಲೇಡೀಸ್ ಸಲೂನಿನಲ್ಲಿ ನಾನು ಹುಬ್ಬು ತಿದ್ದುವವಳು, ಪಕ್ಕದ ಕುರ್ಚಿಯ ಕುರ್ದಿಶ್ ಗೆಳತಿ ಕೂದಲು ಕತ್ತರಿಸುವವಳು. ಊರವರ ತಲೆಗೆಲ್ಲ ಕತ್ತರಿ ಹಾಕುವ ಇವಳ ಜಡೆ ಮಾತ್ರ ಸೊಂಟ ದಾಟಿತ್ತು. ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ. "ಈ ಸೆಕೆಗೆ ಅದೊಂದು ಹಗ್ಗ ಯಾಕೆ ಮಾರಾಯ್ತಿ? ಕೂತುಕೋ, ಕತ್ತರಿಸಿ ಬಿಡ್ತೇನೆ" ಎಂದು ಒಮ್ಮೆ ಕೀಟಲೆ ಮಾಡಿದೆ. ನನ್ನ ಎಲ್ಲ ಕುಚೋದ್ಯಕ್ಕೂ ನಗುತ್ತಿದ್ದವಳು ಅಂದು ನಗಲಿಲ್ಲ.

ನಮ್ಮಿಬ್ಬರದು ಹಿಂದಿಗೆ ಅರಬಿ ಕಲಸಿದ ದುಬೈ ಭಾಷೆ. ಅದರಲ್ಲೇ ಹೇಳಿದಳು: "ನಮ್ಮಲ್ಲಿ ಮನೆಯವರು ಅಕಾಲದಲ್ಲಿ ಸತ್ತರೆ ಹೆಂಗಸರು ತಮ್ಮ ಜಡೆ ಕತ್ತರಿಸಿ ಗೋರಿಯ ಮೇಲಿಡ್ತಾರೆ. ಆ ತಮಾಷೆ ಖಲಾಸ್." ನಾನು ನಾಲಿಗೆ ಕಚ್ಚಿಕೊಂಡೆ.

ಅವಳ ತಂಗಿ ಸಿರಿಯಾದ ಉತ್ತರದಲ್ಲಿ, ಹೆಂಗಸರ ಪಡೆಯಲ್ಲಿ ಬಂದೂಕು ಹಿಡಿದಿದ್ದಳು. ಶಾಲೆಗೆ ಹೋಗುತ್ತಿದ್ದಾಗಲೇ ಅಪ್ಪ ಮದುವೆ ಗೊತ್ತು ಮಾಡಿದ್ದನಂತೆ. ಅಕ್ಕ ತಲೆ ಬಗ್ಗಿಸಿ ತಾಳಿದ್ದನ್ನು ತಂಗಿ ತಾಳಲಿಲ್ಲ, ಮನೆ ಬಿಟ್ಟಳು. "ಇಲ್ಲಿ ನಾನು ಹೇಳಿದ ಮೇಲೆಯೇ ಗಂಡಸರು ಹೆಜ್ಜೆ ಎತ್ತುವುದು, ಅಪ್ಪನಿಗೆ ಹೇಳು" ಎಂದು ನಗುತ್ತ ಕಳಿಸಿದ ವಾಯ್ಸ್ ಮೆಸೇಜನ್ನು ಗೆಳತಿ ನನಗೂ ಕೇಳಿಸಿ ಅರ್ಥ ಹೇಳಿದ್ದಳು. ಊರಿಗೆ ಹೋಗಿಬರಲೂ ಅಣ್ಣನ ಹತ್ತಿರ ಒಂದು ಮಾತು ಕೇಳುವ ನನಗೆ ಹೊಟ್ಟೆಕಿಚ್ಚಾಯಿತು. ಹೆದರಿಕೆಯೂ ಆಯಿತು.

ದಿನಾ ಸಲೂನ್ ಬಾಗಿಲು ತೆಗೆಯುವ ಹೊತ್ತಿಗೆ ತಂಗಿಯಿಂದ ಒಂದು ಫೋಟೋ ಬರುತ್ತಿತ್ತು. ಮುಖ ಇಲ್ಲ, ಜಾಗ ತಿಳಿಯುವಂಥದ್ದೇನೂ ಇಲ್ಲ; ಬರೀ ಬೆನ್ನು, ಈಗಷ್ಟೇ ಹೆಣೆದ ಬಿಗಿ ಜಡೆ, ಕತ್ತಿನ ಮೇಲೊಂದು ಮಚ್ಚೆ. ಹೆಣೆಯುತ್ತಿದ್ದವಳು ಪಡೆಯಲ್ಲಿ ಜೊತೆಗಿದ್ದ ಹುಡುಗಿ. ಅವಳಿಗೆ ಹಿಂದೆಮುಂದೆ ಯಾರೂ ಇಲ್ಲವಂತೆ. ಉತ್ತರವಾಗಿ ಗೆಳತಿ ನನಗೆ ಬೆನ್ನು ತಿರುಗಿಸಿ ನಿಲ್ಲುವಳು, ನಾನು ಅವಳ ಜಡೆಯ ಫೋಟೋ ತೆಗೆದು ಕೊಡುವೆ. ಬದುಕಿದ್ದೇನೆ ಅನ್ನುವುದಕ್ಕೆ ಅಷ್ಟೇ ಸಾಕ್ಷಿ.

ಆ ಚಳಿಗಾಲದಲ್ಲಿ ಫೋಟೋ ತಡವಾಗತೊಡಗಿತು. ಗಿರಾಕಿಯ ತಲೆಗೆ ಬಣ್ಣ ಹಚ್ಚುವಾಗಲೂ ಅವಳ ಕಣ್ಣು ಫೋನಿನ ಮೇಲೆ. ಅದು ಸದ್ದು ಮಾಡಿದರೆ ನಾನೂ ಹುಬ್ಬಿನ ದಾರ ಬಿಟ್ಟು ಇಣುಕುತ್ತಿದ್ದೆ. ಒಂದು ದಿನ ಫೋಟೋ ಬರಲೇ ಇಲ್ಲ. ಮರುದಿನ ಬಂತು. "ಬಂತಲ್ಲ ಮಾರಾಯ್ತಿ!" ಎಂದು ಫೋನ್ ಕಸಿದುಕೊಂಡವಳು ಹಾಗೇ ನಿಂತೆ. ಜಡೆಯ ಬುಡ ಸಡಿಲವಾಗಿ ಒಂದು ಬದಿಗೆ ವಾಲಿತ್ತು. ತನ್ನ ಜಡೆ ತಾನೇ ಹೆಣೆದುಕೊಂಡರೆ ಹಾಗಾಗುತ್ತದೆ. ಕತ್ತಿನ ಮೇಲೆ ಮಚ್ಚೆ ಇರಲಿಲ್ಲ.

ಅದು ಆ ಹುಡುಗಿಯ ಬೆನ್ನು. ತಂಗಿ ಹೋದಳೆಂದು ಅಕ್ಕನಿಗೆ ಹೇಳಲಾಗದೆ ತಂಗಿಯ ಫೋನಿನಿಂದ ತನ್ನ ಜಡೆಯ ಫೋಟೋವನ್ನೇ ಕಳಿಸಿದ್ದಳು. ಹೇಳಲೋ ಬಿಡಲೋ ತಿಳಿಯದೆ ಫೋನನ್ನು ಅವಳಿಗೆ ಮರಳಿ ಕೊಟ್ಟೆ. ಗೆಳತಿ ಒಂದು ಗಳಿಗೆ ಫೋಟೋ ನೋಡಿದಳು. ಆಮೇಲೆ ಫೋನನ್ನು ನನ್ನ ಕೈಗಿಟ್ಟು ಬೆನ್ನು ತಿರುಗಿಸಿದಳು.

"ಯಲ್ಲಾ, ಬೇಗ ತೆಗಿ."

ತೆಗೆದೆ. ಸದ್ಯ, ಇವಳಿಗೆ ಗೊತ್ತಾಗಲಿಲ್ಲ ಎಂದುಕೊಂಡೆ.

ಆಮೇಲೆ ಕೆಲವು ವಾರ ಆ ಕಡೆಯಿಂದ ವಾಲಿದ ಜಡೆ ಬರುತ್ತಿತ್ತು, ಈ ಕಡೆಯಿಂದ ಇವಳ ಜಡೆ ಹೋಗುತ್ತಿತ್ತು. ಒಂದು ಬೆಳಿಗ್ಗೆ ಫೋಟೋದ ಬದಲು ಪಡೆಯವರ ಕರೆ ಬಂತು. ಆ ಹುಡುಗಿಯೂ ಸತ್ತಿದ್ದಳು. ತಿಳಿಸಲು ಅವಳ ಕಡೆಯವರದ್ದು ಅಂತ ಸಿಕ್ಕಿದ ನಂಬರ್ ಇದೊಂದೇ ಅಂತೆ.

ಗೆಳತಿ ಫೋನ್ ಕೆಳಗಿಟ್ಟು ನನ್ನ ಕುರ್ಚಿಯಲ್ಲಿ ಕೂತಳು. ತನ್ನ ಕತ್ತರಿಯನ್ನು ನನಗೆ ಕೊಟ್ಟಳು.

"ತಂಗಿಗಾ?" ಎಂದೆ.

"ತಂಗಿ ಹೋದದ್ದು ಅವತ್ತೇ ಗೊತ್ತಾಯಿತು ಹಬೀಬ್ತಿ. ಆಗಲೇ ಕತ್ತರಿಸಿದ್ದರೆ, ನನಗೆ ಗೊತ್ತಾಗಿದೆ ಅಂತ ನನ್ನ ಫೋಟೋ ನೋಡಿ ಆ ಹುಡುಗಿಗೆ ತಿಳಿದುಬಿಡ್ತಿತ್ತು. ಆಮೇಲೆ ದಿನಾ ಬೆಳಿಗ್ಗೆ ಅವಳಿಗಾಗಿ ಕಾಯುವವರು ಯಾರಿದ್ದರು? ಇಬ್ಬರಿಗೂ ಸೇರಿಸಿ ಕತ್ತರಿಸು."

ಬುಡದಲ್ಲೇ ಕತ್ತರಿಸಿದೆ. ಗೋರಿಗಳು ಎಲ್ಲಿವೆಯೋ ಅವಳಿಗೂ ಗೊತ್ತಿರಲಿಲ್ಲ. ಜಡೆಯನ್ನು ಬಿಳಿ ಟವೆಲಿನಲ್ಲಿ ಸುತ್ತಿ ಅವಳ ಮಡಿಲಲ್ಲಿಟ್ಟೆ, ಕುರ್ಚಿಯ ಬೆನ್ನು ಹಿಡಿದು ಅತ್ತುಬಿಟ್ಟೆ.